ಬಿದಿರ ಸೀಮೆಯ ಸಿದ್ದಾಪುರ

ಬೆಳಿಗ್ಗೆ ಏಳರ ಹೊತ್ತಿಗೆ ಸಿದ್ದಾಪುರದ ಪೇಟೆಯಲ್ಲಿ ನಿಂತರೆ ಜೀಪುಗಳ ಸಾಲು ಕಾಣುತ್ತದೆ. ಕೈಯಲ್ಲಿ ಬುತ್ತಿ, ಸೊಂಟದಲ್ಲಿ ಕತ್ತಿ, ಹೆಗಲ ಮೇಲೆ ಮಡಚಿದ ಗೋಣಿಚೀಲ. ಮಲಯಾಳ, ತಮಿಳು, ಕನ್ನಡ, ಕೊಡವ ತಕ್ಕ್, ಎರವರ ಮಾತು ಒಂದರೊಳಗೊಂದು ಕಲೆತು ಕೇಳಿಸುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿ, ಬಂಗಾಳಿಯೂ ಸೇರಿಕೊಂಡಿವೆ. ಸ್ವಲ್ಪ ಹೊತ್ತಿಗೆಲ್ಲ ಜೀಪುಗಳು ಖಾಲಿ. ಊರಿನ ಅರ್ಧ ಜನ ತೋಟ ಸೇರಿರುತ್ತಾರೆ.

ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಈ ಊರಿಗೆ ಕಾವೇರಿಯೇ ಎಲ್ಲೆ. ಹೊಳೆ ದಾಟಿದರೆ ನೆಲ್ಯಹುದಿಕೇರಿ. ಅಲ್ಲಿಗೆ ತಾಲ್ಲೂಕೂ ಬದಲಾಗುತ್ತದೆ. ಒಂದು ದಾರಿ ಅಮ್ಮತ್ತಿಯ ಮೇಲೆ ವಿರಾಜಪೇಟೆಗೆ, ಇನ್ನೊಂದು ಚೆಟ್ಟಳ್ಳಿಯ ಮೇಲೆ ಮಡಿಕೇರಿಗೆ, ಮತ್ತೊಂದು ಮಾಲ್ದಾರೆಯ ಕಾಡು ಹಾದು ಪಿರಿಯಾಪಟ್ಟಣಕ್ಕೆ. ಈ ಮೂರನೆಯ ದಾರಿಯಲ್ಲಿ ಹೋದವರಿಗೆ ಊರಿನ ಗುಟ್ಟು ತಿಳಿಯುತ್ತದೆ. ಮಡಿಕೇರಿ ಕಡೆಯ ಜಡಿಮಳೆ ಇತ್ತ ಬರುವಷ್ಟರಲ್ಲಿ ಇಳಿದಿರುತ್ತದೆ, ಬೆಟ್ಟ ತಗ್ಗಿರುತ್ತದೆ, ಕಾಡು ತೆಳುವಾಗಿ ಬಿದಿರು ಮೆಳೆ ಶುರುವಾಗುತ್ತದೆ.

ಹಿಂದೆ ಈ ಮೆಳೆಯೇ ಕೊಡಗಿನ ಪೂರ್ವದ ಕೋಟೆಗೋಡೆ. 1799ರ ಮಾರ್ಚ್ 6ರಂದು ಟಿಪ್ಪುವಿನ ಸೇನೆ ಶ್ರೀರಂಗಪಟ್ಟಣದತ್ತ ಹೊರಟಿದ್ದ ಬ್ರಿಟಿಷರ ಬೊಂಬಾಯಿ ಪಡೆಯ ಮೇಲೆ ಬಿದ್ದದ್ದು ಪಿರಿಯಾಪಟ್ಟಣದ ಗಡಿಯ ಸಿದ್ದೇಶ್ವರದಲ್ಲಿ. ಶತ್ರು ಬಾರದಂತೆ ಕೊಡಗಿನವರು ಅಗೆದಿದ್ದ ಆಳದ ಕಂದಕಗಳಿಗೆ ಕಡಂಗ ಎಂದು ಹೆಸರು. ಈಗಲೂ ಈ ಕಾಡಿನಂಚಿನಲ್ಲಿ ಕಂದಕ ಅಗೆಯುತ್ತಾರೆ, ಆನೆಗಾಗಿ.

ಬ್ರಿಟಿಷರು ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿದ್ದು 1834ರಲ್ಲಿ. ಇಪ್ಪತ್ತು ವರ್ಷದ ಮೇಲೆ, 1854ರಲ್ಲಿ, ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಮಾಡಿದ. ಅವನ ಹಿಂದೆ ಬಂದವರು ದಟ್ಟ ಕಾಡನ್ನು ಪೂರ್ತಿ ಕಡಿದು, ಸುಟ್ಟು, ಬೋಳು ಗುಡ್ಡದ ಮೇಲೆ ಗಿಡ ನೆಟ್ಟರು. ಕೆಲವು ವರ್ಷ ಬಂಗಾರದ ಬೆಳೆ. ಆಮೇಲೆ ಬಂತು ಬಿಳಿ ಕಾಂಡಕೊರಕ. ಬಿಸಿಲಿಗೆ ಬಿರಿದ ತೊಗಟೆಯಲ್ಲಿ ದುಂಬಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗೆ ಹಸಿರಾಗಿ ಕಂಡ ಗಿಡ ಕೈಯಲ್ಲಿ ಹಿಡಿದರೆ ಲಟಕ್ಕನೆ ಮುರಿಯುತ್ತದೆ. 1860ರ ದಶಕದಲ್ಲಿ ತೋಟಗಳು ಹೀಗೆ ಸಾಲುಸಾಲಾಗಿ ಹೋದಾಗ ಮದ್ರಾಸ್ ಸರ್ಕಾರ ಡಾಕ್ಟರ್ ಜಾರ್ಜ್ ಬಿಡೀ ಎಂಬಾತನನ್ನು ವಿಚಾರಣೆಗೆ ನೇಮಿಸಿತು. ಆತ ಹೇಳಿದ ಮದ್ದು ಸರಳ: ನೆರಳು ಬಿಡಿ.

ಆಗ ದೊರೆಗಳ ಕಣ್ಣು ಬಿದ್ದದ್ದು ಸಿದ್ದಾಪುರ, ಪಾಲಿಬೆಟ್ಟದ ಕಡೆಯ ಬಿದಿರು ಸೀಮೆಯ ಮೇಲೆ. 'ಬ್ಯಾಂಬೂ' ಎಂದೇ ಅವರು ಈ ಸೀಮೆಯನ್ನು ಕರೆದರು. ಪಾಲಿಬೆಟ್ಟದ ಅವರ ಕ್ಲಬ್ಬಿಗೂ ಅದೇ ಹೆಸರು. ಬಿದಿರು ಸವರಿ, ಅತ್ತಿ, ಹಲಸು, ಬೀಟೆಯನ್ನು ಅಲ್ಲಲ್ಲೇ ಉಳಿಸಿ, ಅವುಗಳಡಿ ಕಾಫಿ ನೆಟ್ಟರು. ಕೊಡಗಿನ ತೋಟ ದೂರದಿಂದ ಕಾಡಿನಂತೆ ಕಾಣುವುದನ್ನು ಪ್ರವಾಸಿಗರು ಹೊಗಳುತ್ತಾರೆ. ಅದರ ಬೇರಿರುವುದು ಒಂದು ಹುಳದ ಕಾಟದಲ್ಲಿ.

ನೆರಳು ತಾನಾಗಿ ನಿಲ್ಲುವುದಿಲ್ಲ. ಪ್ರತಿ ವರ್ಷ ಮರ ಕಪಾತು ಆಗಬೇಕು. ಏಣಿಯೋ ಹಗ್ಗವೋ ಹಿಡಿದು ಮರವೇರಿದವನು ಕೆಳಗಿನ ಗಿಡ ಮುರಿಯದಂತೆ ಕೊಂಬೆ ಇಳಿಸಬೇಕು. ಹೆಚ್ಚು ಕಡಿದರೆ ಹುಳ, ಕಡಿಮೆ ಕಡಿದರೆ ಹೂವಿಲ್ಲ. ಬೇಸಗೆಯ ಹೂಮಳೆ ಕೈಕೊಟ್ಟರೆ ಕೆರೆಯಿಂದಲೋ ಹೊಳೆಯಿಂದಲೋ ಸ್ಪ್ರಿಂಕ್ಲರ್ ಹಾಯಿಸಬೇಕು. ಈ ತಗ್ಗಿಗೆ ಅರೇಬಿಕಾಕ್ಕಿಂತ ರೋಬಸ್ಟಾ ಒಗ್ಗಿತು. ಮರಗಳಿಗೆ ಹಬ್ಬಿದ ಕರಿಮೆಣಸು, ಕಾಫಿ ಬೆಲೆ ಬಿದ್ದ ವರ್ಷ ತೋಟಗಾರನ ಮಾನ ಉಳಿಸಿತು. ಭಾರತದ ಕಾಫಿಯಲ್ಲಿ ಇಂದು ಸುಮಾರು ಮೂರನೇ ಒಂದು ಪಾಲು ಕೊಡಗಿನದು.

ಬೆಲೆಯ ಕಥೆ ಬೇರೆಯೇ. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರರು ಬೀಜವನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತಿನಲ್ಲಿ ಬರುವ ಹಣಕ್ಕೆ ಕಾಯಬೇಕಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಸಿದ್ದಾಪುರದ ಸಣ್ಣ ಬೆಳೆಗಾರನೂ ಲಂಡನ್ ಮಾರುಕಟ್ಟೆಯ ದರ ಕೇಳಿಕೊಂಡೇ ಚೀಲ ಹೊಲಿಸುತ್ತಾನೆ. ವಿಯೆಟ್ನಾಂನಲ್ಲಿ ಬರ ಬಿದ್ದ 2024ರಲ್ಲಿ ಇಲ್ಲಿ ಐವತ್ತು ಕಿಲೋದ ರೋಬಸ್ಟಾ ಚೆರ್ರಿ ಹತ್ತು ಸಾವಿರ ರೂಪಾಯಿ ದಾಟಿತು.

ಹಣ್ಣು ಕುಯ್ಯುವವರ ಪಾಡು ಲಂಡನ್ನಿನ ಜೊತೆ ಏರಿಳಿಯಲಿಲ್ಲ. ಕಾಡಿನಲ್ಲಿದ್ದ ಎರವರು, ಕುರುಬರು ತೋಟದ ಲೈನ್‌ಮನೆಗಳಿಗೆ ಬಂದರು. ಕೇರಳ, ತಮಿಳುನಾಡು, ಮೈಸೂರು ಸೀಮೆಯವರೂ ಬಂದರು. ಒಂದೇ ಮಾಡಿನ ಕೆಳಗೆ ಸಾಲುಕೋಣೆ, ಮುಂದೊಂದು ಕಿರುಜಗಲಿ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ ಕೊಡಿ ಎಂದಿತು, ಆದರೆ ಆ ಮನೆ ಕೆಲಸಕ್ಕೆ ಕಟ್ಟಿದ್ದು. ಕೆಲಸ ಬಿಟ್ಟ ದಿನ ಮಾಡೂ ಬಿಡಬೇಕು. ತಲೆಮಾರುಗಟ್ಟಲೆ ಒಂದೇ ತೋಟದಲ್ಲಿ ದುಡಿದವರ ಹೆಸರಿಗೂ ಒಂದು ಸೆಂಟು ಜಾಗವಿಲ್ಲ. ಕೊಡಗಿನ ಕಾಫಿಯ ಬಗ್ಗೆ ಬರೆಯುವವರು ದೊರೆಗಳ ಬಂಗಲೆಗೆ ಕೊಟ್ಟಷ್ಟು ಪುಟ ಲೈನ್‌ಮನೆಗೆ ಕೊಟ್ಟಿಲ್ಲ.

ಜಾಗವಿಲ್ಲದ ಇವರ ಲೆಕ್ಕ 2016ರ ಡಿಸೆಂಬರಿನಲ್ಲಿ ಬಯಲಿಗೆ ಬಂತು. ಲೈನ್‌ಮನೆ ಬಿಟ್ಟು ಬಂದು ಮಾಲ್ದಾರೆ ಬಳಿಯ ದಿಡ್ಡಳ್ಳಿಯ ಕಾಡಿನಲ್ಲಿ ಜೋಪಡಿ ಕಟ್ಟಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು ಎಬ್ಬಿಸಲಾಯಿತು. ಕೆಡವಿದ ಜೋಪಡಿಗಳ ಜಾಗದಲ್ಲೇ ಕೂತು ಅವರು ತಿಂಗಳುಗಟ್ಟಲೆ ಹೋರಾಡಿದರು. ಕೊನೆಗೆ ಕುಶಾಲನಗರ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಡಲಾಯಿತು.

ತೋಟ ಸೇರಿದ ಆನೆಗಳನ್ನು ಮಾತ್ರ ಎಬ್ಬಿಸಲು ಯಾರಿಂದಲೂ ಆಗಿಲ್ಲ. ನೆರಳಿದೆ, ಹಲಸಿದೆ, ತೋಟದ ಕೆರೆಯಲ್ಲಿ ಬೇಸಗೆಯಲ್ಲೂ ನೀರಿದೆ. ಕಾಡಿಗೆ ಹಿಂತಿರುಗಲು ಅವಕ್ಕೆ ಕಾರಣವೇ ಇಲ್ಲ. ತೋಟದಲ್ಲೇ ಹುಟ್ಟಿ ಬೆಳೆದ ಮರಿಗಳಿವೆ. ಲದ್ದಿಯಲ್ಲಿ ಕಾಫಿ ಬೀಜ ಸಿಗುತ್ತದೆ. ಸೋಲಾರ್ ಬೇಲಿ, ಕಂದಕ, ರೈಲು ಕಂಬಿಯ ತಡೆ ಎಲ್ಲ ಬಂದವು. ರೈಲೇ ಕಾಣದ ಜಿಲ್ಲೆಗೆ ಕಂಬಿ ಮಾತ್ರ ಬಂತು. ಮುಂಜಾನೆ ಕೆಲಸಕ್ಕೆ ಹೊರಟವರು ಆನೆ ತುಳಿತಕ್ಕೆ ಸಿಕ್ಕ ಸುದ್ದಿ ಇಲ್ಲಿ ವರ್ಷ ತಪ್ಪದು.

ತೋಟದಲ್ಲೂ ಕಾಡಿನಲ್ಲೂ ಜಾಗವಿಲ್ಲದವರಿಗೆ ಉಳಿದದ್ದು ಹೊಳೆದಂಡೆ. ಕರಡಿಗೋಡು ಮತ್ತು ಅಗಸ್ತ್ಯೇಶ್ವರ ದೇವಸ್ಥಾನವಿರುವ ಗುಹ್ಯದಲ್ಲಿ ಕಾವೇರಿಯ ಅಂಚಿಗೇ ಮನೆಗಳೆದ್ದವು. 2019ರ ಆಗಸ್ಟಿನಲ್ಲಿ ಹೊಳೆ ಏರಿ ಇಲ್ಲೂ ಎದುರು ದಡದ ನೆಲ್ಯಹುದಿಕೇರಿಯಲ್ಲೂ ಸಾಲುಮನೆಗಳನ್ನು ಬೀಳಿಸಿತು. ಈಗ ಮಳೆಗಾಲ ಹತ್ತಿರ ಬಂದರೆ ಕರಡಿಗೋಡಿನ ದಂಡೆಯವರಿಗೆ ಜಾಗ ಖಾಲಿ ಮಾಡಿ ಎಂಬ ನೋಟಿಸು ಬರುತ್ತದೆ. ನೀರು ಇಳಿದ ಮೇಲೆ ಅವರು ಅದೇ ದಂಡೆಗೆ ಮರಳುತ್ತಾರೆ. ಬೆಳಿಗ್ಗೆ ಏಳಕ್ಕೆ ಜೀಪು ಹತ್ತಬೇಕಲ್ಲ.