ಕೃಷ್ಣರಂಧ್ರದ ಘಂಟಾನಾದ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಏರಿಯ ಮೇಲೆ ನಿಂತು ನೀರಿಗೆ ಕಲ್ಲೆಸೆದವರಿಗೆ ಅಲೆಯೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಕಲ್ಲು ಮುಳುಗಿಹೋದರೂ ಅದು ಬಿದ್ದ ಸುದ್ದಿ ದಡ ಮುಟ್ಟುತ್ತದೆ. ಆಕಾಶದಲ್ಲಿಯೂ ಇಂಥ ಅಲೆಗಳುಂಟು, ಅವು ಸಾಗುವುದು ದೇಶಕಾಲಗಳ ಹಂದರದಲ್ಲಿಯೇ ಎಂದು ಐನ್‌ಸ್ಟೈನ್ 1916ರಲ್ಲಿ ಹೇಳಿದರು. ಈ ಗುರುತ್ವದ ಅಲೆಗಳ ಕಥೆಯಲ್ಲಿ ಒಂದು ಮುಖ್ಯ ಅಧ್ಯಾಯವನ್ನು ಬರೆದವರು ಬೆಂಗಳೂರಿನ ಕನ್ನಡಿಗರೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಸಿ. ವಿ. ವಿಶ್ವೇಶ್ವರ ಅವರು ಹುಟ್ಟಿದ್ದು 1938ರಲ್ಲಿ. ತಂದೆ ಸಿ. ಕೆ. ವೆಂಕಟರಾಮಯ್ಯನವರು ಕನ್ನಡದ ಲೇಖಕರು. ಮೈಸೂರು ವಿಶ್ವವಿದ್ಯಾನಿಲಯದ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ವಿಶ್ವೇಶ್ವರರು ಮೇರಿಲೆಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾದರು. ಬೆಳಕನ್ನೂ ಹೊರಬಿಡದ ಕೃಷ್ಣರಂಧ್ರವು ಆಗ ಕೇವಲ ಗಣಿತದ ಮಾತು. ಅದು ನಿಜವಾಗಿ ಇದೆಯೆಂದು ನಂಬಿದವರು ವಿರಳ.

ಅವರು ಎತ್ತಿಕೊಂಡ ಪ್ರಶ್ನೆ ಕೇಳಲು ಸರಳ. ಇಂಥ ವಸ್ತುವನ್ನು ತುಸು ಅಲುಗಿಸಿದರೆ ಅದು ಮತ್ತೆ ನೆಲೆಗೆ ನಿಲ್ಲುವುದೊ, ಕೆಟ್ಟುಹೋಗುವುದೊ? ಕೆಡುವುದಾದರೆ ಆಕಾಶದಲ್ಲಿ ಅದನ್ನು ಹುಡುಕುವುದೇ ವ್ಯರ್ಥ. ಅಲುಗಿದರೂ ಅದು ಅಳಿಯದೆಂದು ಅವರ ಲೆಕ್ಕ ತೋರಿಸಿತು.

ಹಾಗಾದರೆ ಕಾಣದ ವಸ್ತುವನ್ನು ಗುರುತಿಸುವುದು ಹೇಗೆ? ವಿಶ್ವೇಶ್ವರರು ಗಣಕಯಂತ್ರದ ಮೇಲೆ ಕೃಷ್ಣರಂಧ್ರಕ್ಕೆ ಗುರುತ್ವದ ಅಲೆಗಳನ್ನು ಎಸೆದು ನೋಡಿದರು. ಅಗಲವಾದ ಅಲೆ ಹರಳನ್ನು ದಾಟಿದ ಪ್ರವಾಹದಂತೆ ಹೆಚ್ಚು ಬದಲಾಗದೆ ಹೋಯಿತು. ಅಲೆಯನ್ನು ಕಿರಿದು ಮಾಡುತ್ತ ಬಂದು, ಅದು ಕೃಷ್ಣರಂಧ್ರದ ಗಾತ್ರಕ್ಕೆ ಸಮನಾದಾಗ ಕ್ರಮಬದ್ಧವಾದ ಕಂಪನವೊಂದು ಮೂಡಿ, ಬೇಗನೆ ಕ್ಷೀಣಿಸಿತು. ದೇವಾಲಯದ ಗಂಟೆಯನ್ನು ಯಾರೇ ಹೊಡೆಯಲಿ, ನಾದ ಗಂಟೆಯದೇ ಅಲ್ಲವೆ? ಹಾಗೆಯೇ ಈ ಕಂಪನವೂ ಕೃಷ್ಣರಂಧ್ರದ ಸ್ವಂತ ಗುರುತು. ಅದರ ತೂಕವನ್ನು ನಾದದಿಂದಲೇ ಅರಿಯಬಹುದು. 1970ರಲ್ಲಿ ಈ ಫಲಿತಾಂಶ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ನಾದವನ್ನು ಕೇಳುವ ಕಿವಿ ಮಾತ್ರ ಆಗ ಭೂಮಿಯ ಮೇಲೆ ಇರಲಿಲ್ಲ.

ಸ್ವದೇಶಕ್ಕೆ ಮರಳಿದ ಅವರು ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ ಭಾರತೀಯ ಖಭೌತ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. 1989ರಲ್ಲಿ ಆರಂಭವಾದ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯಕ್ಕೆ ಸ್ಥಾಪಕ ನಿರ್ದೇಶಕರೂ ಆದರು. ವಿಜ್ಞಾನದ ವ್ಯಂಗ್ಯಚಿತ್ರಗಳನ್ನು ತಾವೇ ಬರೆಯುತ್ತಿದ್ದ ವಿನೋದಪ್ರಿಯರು ಅವರು. ಶಾಲೆಯ ಮಕ್ಕಳಿಗೆ ಆಕಾಶ ತೋರಿಸುವ ಕೆಲಸ ಸಂಶೋಧನೆಗಿಂತ ಕೀಳೆಂದು ಅವರು ಬಗೆದಿದ್ದರೆ ಆ ತಾರಾಲಯ ಹಾಗೆ ಬೆಳೆಯುತ್ತಿರಲಿಲ್ಲ.

2015ರ ಸೆಪ್ಟೆಂಬರ್ 14ರಂದು ಅಮೆರಿಕದ 'ಲೈಗೊ' ಉಪಕರಣಗಳೆರಡು ಕಂಪಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ, ಸೂರ್ಯನ 36ರಷ್ಟು ಮತ್ತು 29ರಷ್ಟು ತೂಕದ ಎರಡು ಕೃಷ್ಣರಂಧ್ರಗಳು ಕೂಡಿ, 62ರಷ್ಟು ತೂಕದ ಒಂದಾಗಿದ್ದವು. ಉಳಿದ 3 ಸೂರ್ಯರಷ್ಟು ದ್ರವ್ಯ ಅಲೆಗಳಾಗಿ ಹೋಗಿತ್ತು. ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಆದ ವ್ಯತ್ಯಾಸ ಪ್ರೋಟಾನಿನ ಸಾವಿರದ ಒಂದು ಭಾಗಕ್ಕೆ ಹತ್ತಿರದ್ದು. ಆ ಸಂಕೇತದ ಕೊನೆಯಲ್ಲಿ, ಕ್ಷಣಮಾತ್ರದಲ್ಲಿ ಅಡಗಿಹೋದ ಆ ನಾದವೂ ಇತ್ತು. 2016ರ ಫೆಬ್ರವರಿಯಲ್ಲಿ ಪ್ರಕಟವಾದ ಪ್ರಬಂಧ ವಿಶ್ವೇಶ್ವರರ 1970ರ ಲೇಖನವನ್ನು ಸ್ಮರಿಸಿತು. ಮರುವರ್ಷದ ಜನವರಿ 16ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ನಲವತ್ತೈದು ವರ್ಷ ಕಾದ ಲೆಕ್ಕವಿದು. ಅಂದು ಯಾರಾದರೂ ಇದರಿಂದ ಪ್ರಯೋಜನವೇನೆಂದು ಕೇಳಿದ್ದರೆ ಹೇಳಲು ಉತ್ತರವೇ ಇರಲಿಲ್ಲ. ಹೊನ್ನಾಳಿಯಲ್ಲೊ, ನ್ಯಾಮತಿಯಲ್ಲೊ, ಜಗಳೂರಿನ ಬಯಲಿನಲ್ಲೊ ನಕ್ಷತ್ರ ನೋಡುತ್ತ ನಿಂತ ಮಗು ಇಂಥ ಪ್ರಶ್ನೆಯೊಂದನ್ನು ಕೇಳಿದರೆ, ಪರೀಕ್ಷೆಗೆ ಬಾರದ ಮಾತೆಂದು ನಾವು ಬಾಯಿ ಮುಚ್ಚಿಸದಿದ್ದರೆ ಸಾಕು.