ಒಕ್ಕಲು ಎಂಬ ಮಾತಿನೊಳಗೆ

ಶಿಕಾರಿಪುರ, ಸೊರಬ ಸೀಮೆಯ ಊರುಗಳಲ್ಲಿ ವೀರಗಲ್ಲುಗಳನ್ನು ನೀವು ಕಂಡಿರಬಹುದು. ಬಿ. ಎಲ್. ರೈಸ್ ಅವರು 1902 ಮತ್ತು 1904ರಲ್ಲಿ ಪ್ರಕಟಿಸಿದ ಶಾಸನ ಸಂಪುಟಗಳಲ್ಲಿ ಈ ಸೀಮೆಯ ಅನೇಕ ವೀರಗಲ್ಲುಗಳ ಪಾಠವಿದೆ. ತುರುಗೋಳಿನಲ್ಲಿ, ಅಂದರೆ ಊರಿನ ದನಗಳನ್ನು ಹೊಡೆದೊಯ್ಯಲು ಬಂದವರೊಡನೆ ಹೋರಾಡಿ ಮಡಿದವರ ಸ್ಮರಣೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಅವರೆಲ್ಲರೂ ಅರಸನ ದಂಡಿನವರಲ್ಲ. ಊರಿನ ಗಾವುಂಡರೂ ಅವರ ಮಕ್ಕಳೂ ಅವರಲ್ಲಿದ್ದಾರೆ. ನೇಗಿಲು ಹಿಡಿದ ಕೈಯೇ ಆಪತ್ತಿನಲ್ಲಿ ಆಯುಧವನ್ನೂ ಹಿಡಿಯಿತು.

ಉಳುತ್ತಲೇ ಕಾವಲು ಕಾಯುವವನಿಗೆ ಜರ್ಮನ್ ಭಾಷೆಯಲ್ಲಿ ಒಂದು ಸಮಾಸಪದವಿದೆ: ‘ವೇರ್‌ಬೌವರ್’. ‘ವೇರ್’ ಎಂದರೆ ರಕ್ಷಣೆ, ‘ಬೌವರ್’ ಎಂದರೆ ರೈತ. ತುರ್ಕರ ಸಾಮ್ರಾಜ್ಯಕ್ಕೆ ಎದುರಾಗಿ ಆಸ್ಟ್ರಿಯದ ಅರಸರು 16ನೆಯ ಶತಮಾನದಲ್ಲಿ ಏರ್ಪಡಿಸಿದ ಸೇನಾಗಡಿಯಲ್ಲಿ ಇಂಥವರಿದ್ದರು. ಗಡಿ ಕಾಯುವ ಕರ್ತವ್ಯಕ್ಕೆ ಪ್ರತಿಯಾಗಿ ಅವರಿಗೆ ಭೂಮಿ ದೊರೆಯುತ್ತಿತ್ತು. ಆ ವ್ಯವಸ್ಥೆ 1881ರಲ್ಲಿ ಕೊನೆಗೊಂಡಿತು.

‘ಬೌವರ್’ ಪದದ ಪ್ರಾಚೀನ ರೂಪ ‘ಗಿಬೂರೊ’. ‘ಬೂರ್’ ಎಂದರೆ ವಾಸದ ಮನೆ, ‘ಗಿ’ ಎಂದರೆ ಒಡನೆ. ಆದುದರಿಂದ ಒಡನೆ ವಾಸಿಸುವವನು, ನೆರೆಯವನು ಎಂಬುದೇ ಅದರ ಮೂಲಾರ್ಥ. ನಮ್ಮ ‘ಒಕ್ಕಲು’ ಇದಕ್ಕೆ ಎಷ್ಟು ಹತ್ತಿರವಾಗಿದೆ ನೋಡಿ! ಸ್ವತಃ ಜರ್ಮನಿಯವರಾದ ಫರ್ಡಿನೆಂಡ್ ಕಿಟೆಲ್ ಅವರ 1894ರ ನಿಘಂಟಿನಲ್ಲಿ ವಾಸ, ಗೇಣಿದಾರ, ಬೇಸಾಯಗಾರ ಎಂಬ ಅರ್ಥಗಳು ಈ ಒಂದೇ ಪದಕ್ಕಿವೆ. ತಮಿಳಿನಲ್ಲಿ ‘ಒಕ್ಕಲ್’ ಎಂದರೆ ಬಂಧುಬಳಗ. ಹೊಸ ಮನೆಯ ಪ್ರವೇಶವನ್ನು ನಾವು ಇಂದಿಗೂ ‘ಮನೆಯೊಕ್ಕಲು’ ಎನ್ನುತ್ತೇವೆ. ಎರಡು ಭಾಷೆಗಳಲ್ಲಿಯೂ ರೈತನೆಂದರೆ ಮೊದಲು ನೆಲೆನಿಂತವನು, ಜೊತೆಗೆ ಬಾಳುವವನು.

ಆದರೆ ಮಾತಿನ ಮೂಲ ಒಳ್ಳೆಯದಾದ ಮಾತ್ರಕ್ಕೆ ಅದರ ಬಳಕೆಯೂ ಒಳ್ಳೆಯದಾಗಿರಬೇಕೆಂದಿಲ್ಲ. ನಾಜಿ ನಾಯಕರು ತಾವು ಗೆದ್ದ ಪೂರ್ವದ ನಾಡುಗಳಲ್ಲಿ ‘ವೇರ್‌ಬೌವರ್’ಗಳನ್ನು ನೆಲೆಗೊಳಿಸುವ ಯೋಜನೆ ಹೂಡಿದರು. ಜರ್ಮನ್ ರೈತರಿಗೆ ಸ್ಥಳ ಮಾಡಲು 1942–43ರಲ್ಲಿ ಪೋಲೆಂಡಿನ ಜಾಮೊಶ್ಚ್ ಪ್ರದೇಶವೊಂದರಿಂದಲೇ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಹೊರಹಾಕಲಾಯಿತು. ನೆರೆಯವನೆಂಬ ಅರ್ಥದ ಪದವೇ ನೆರೆಯವರನ್ನು ಓಡಿಸಲು ಬಳಕೆಯಾಯಿತು.

ನಮ್ಮ ಭಾಷೆಯಲ್ಲಿಯೂ ‘ಒಕ್ಕಲೆಬ್ಬಿಸು’ ಎಂಬ ಕ್ರಿಯಾಪದವಿದೆ. ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ವಿಷಯದಲ್ಲಿ ಹುಟ್ಟಿದ ವಿವಾದ 1951ರಲ್ಲಿ ಸತ್ಯಾಗ್ರಹವಾಯಿತು. ಗೇಣಿದಾರರು ನೇಗಿಲಿನೊಡನೆ ಗದ್ದೆಗಿಳಿದು ಸೆರೆಯಾದರು. ತಲೆಮಾರುಗಳಿಂದ ಉತ್ತವನಿಗೂ ನಿಲ್ಲಲು ಹಕ್ಕಿನ ನೆಲೆಯಿರಲಿಲ್ಲ. ಅದು ದೊರೆತದ್ದು 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯಿಂದ.

ವೀರಗಲ್ಲಿನ ಗಾವುಂಡನೂ ಜಾಮೊಶ್ಚ್‌ಗೆ ಕರೆತಂದ ರೈತನೂ ಇಬ್ಬರೂ ಬೇಸಾಯಗಾರರೇ. ಒಬ್ಬನು ಊರವರ ದನಕ್ಕಾಗಿ ಪ್ರಾಣ ಕೊಟ್ಟನು. ಇನ್ನೊಬ್ಬನನ್ನು ಬೇರೆಯವರ ಒಲೆಯ ಮುಂದೆ ತಂದು ಕೂರಿಸಲಾಯಿತು. ಮುಂದೆ ಮನೆಯೊಕ್ಕಲಿನ ಕರೆಯೋಲೆ ನಿಮ್ಮ ಕೈಸೇರಿದಾಗ ಆ ಪದವನ್ನು ಒಮ್ಮೆ ನಿಧಾನವಾಗಿ ಓದಿರಿ. ನಾವು ನೆಲೆಸುವಾಗ ಯಾರಾದರೂ ನೆಲೆ ತಪ್ಪಿದರೇ ಎಂದು ಕೇಳಿಕೊಳ್ಳುವುದೂ ಒಕ್ಕಲುತನದ ಭಾಗವೇ.