ಗಟ್ಟಿಯಾಗಿ ಹಿಡಿದರಷ್ಟೇ ಸಾಲದು

ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ಕಣ್ಣ ಮುಂದೆ ಬರುವುದು ಗಾಜಿನ ಕಟ್ಟಡ, ಕಂಪ್ಯೂಟರ್ ಪರದೆ. ಆ ಕಂಪ್ಯೂಟರಿನೊಳಗಿನ ಸರ್ಕ್ಯೂಟ್ ಹಲಗೆಯನ್ನೊಮ್ಮೆ ನೋಡಿ. ಅದರ ತುಂಬ ಸಣ್ಣ ಸಣ್ಣ ತೂತುಗಳು. 0.3 ಮಿಲಿಮೀಟರ್ ದಪ್ಪದ ಡ್ರಿಲ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಇಂಥ ತೂತು ಕೊರೆಯುತ್ತದೆ. ಕೂದಲೆಳೆಯಷ್ಟು ಓಲಾಡಿದರೂ ಡ್ರಿಲ್ ಮುರಿದೇ ಹೋದೀತು. ಅದನ್ನು ಅಲುಗದಂತೆ ಹಿಡಿಯುವುದು ಕಾಲೆಟ್ ಎಂಬ, ಸೀಳುಗಳಿರುವ ಪುಟ್ಟ ಉಕ್ಕಿನ ಕೊಳವೆ. ಇಳಿಜಾರು ಗೋಡೆಯ ಗೂಡಿನೊಳಕ್ಕೆ ಎಳೆದಾಗ ಸೀಳುಗಳು ಕಿರಿದಾಗಿ, ಡ್ರಿಲ್ಲನ್ನು ಸುತ್ತಲಿಂದಲೂ ಸಮನಾಗಿ ಅಪ್ಪಿ ಹಿಡಿಯುತ್ತದೆ.

ಒಂದು ಕಾಲಕ್ಕೆ ಹಿಡಿಯುವ ಕೆಲಸವೆಲ್ಲ ಕೈಯದೇ. ಚನ್ನಪಟ್ಟಣದ ಬೊಂಬೆ ಕೆಲಸಗಾರರು ತಿರುಗುವ ಹಾಲೆಮರದ ತುಂಡಿಗೆ ಈಗಲೂ ಕೈಯಿಂದಲೇ ಉಳಿ ಹಿಡಿಯುತ್ತಾರೆ. ಮರಕ್ಕೆ ಅದು ಸಾಕು, ಕಬ್ಬಿಣಕ್ಕೆ ಸಾಲದು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ ತನ್ನ ಲೇತಿನಲ್ಲಿ ಉಳಿಯನ್ನು ಕೈಯಿಂದ ಬಿಡಿಸಿ, ಸರಿದಾಡುವ ಲೋಹದ ಪೀಠಕ್ಕೆ ಬಿಗಿದ. ಒಂದೇ ಅಳತೆಯ ತಿರುಪುಗಳನ್ನು ಮತ್ತೆ ಮತ್ತೆ ಮಾಡುವುದು ಅದರಿಂದ ಸಾಧ್ಯವಾಯಿತು. 1830ರಲ್ಲಿ ಅಮೆರಿಕದ ಸೈಮನ್ ಫೇರ್‌ಮನ್ ಲೇತಿನ ಚಕ್‌ಗೆ ಪೇಟೆಂಟ್ ಪಡೆದ. ಕೀ ತಿರುಗಿಸಿದರೆ ಮೂರು ದವಡೆಗಳೂ ಒಟ್ಟಿಗೆ ಸರಿದು, ಜಾಬನ್ನು ನಟ್ಟನಡುವೆ ಹಿಡಿಯುವ ಚಕ್ ಈ ದಾರಿಯಲ್ಲೇ ಬೆಳೆದದ್ದು.

ಬೆಂಗಳೂರಿನಲ್ಲಿ ಈ ವಿದ್ಯೆ ಬೇರೂರಿದ್ದು ಸಾರ್ವಜನಿಕ ಉದ್ಯಮಗಳ ಕಾಲದಲ್ಲಿ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪೆನಿಯ ಸಹಯೋಗದಿಂದ ಸ್ಥಾಪನೆಯಾದ ಎಚ್‌ಎಂಟಿ ಮೊದಲು ತಯಾರಿಸಿದ್ದು ಲೇತನ್ನೇ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬಂತು. ಅದೇ ದಶಕದಲ್ಲಿ ಪೀಣ್ಯದ ಶೆಡ್ಡುಗಳೂ ಎದ್ದವು. ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದ ಎಷ್ಟೋ ಮಂದಿ ಅಲ್ಲಿ ಸ್ವಂತ ಲೇತ್ ಹಾಕಿದರು. ಅದೇ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು.

ಅವರು ಕಲಿತು ಬಂದ ವಿದ್ಯೆ ಬರೀ ಬಿಗಿಯುವುದಲ್ಲ. ತೆಳು ಗೋಡೆಯ ಬಳೆಯೊಂದನ್ನು ಮೂರು ದವಡೆಗಳಲ್ಲಿ ಜೋರಾಗಿ ಬಿಗಿದು ಒಳಮೈ ಕೊರೆಯಿರಿ. ಯಂತ್ರದ ಮೇಲಿರುವಷ್ಟು ಹೊತ್ತು ಅದು ಅಪ್ಪಟ ದುಂಡು. ಚಕ್ ಸಡಿಲಿಸಿದೊಡನೆ ಲೋಹ ಹಿಗ್ಗಿ, ದುಂಡಗಿದ್ದ ತೂತು ಮೂರು ಮೂಲೆಯಾಗುತ್ತದೆ! ಸಡಿಲ ಹಿಡಿದರೆ ಜಾಬ್ ಹಾರುತ್ತದೆ, ಬಿಗಿ ಹಿಡಿದರೆ ಕೆಡುತ್ತದೆ. ಆದ್ದರಿಂದಲೇ ಜಾಬಿನ ಆಕಾರಕ್ಕೆ ಕೊರೆದುಕೊಳ್ಳುವ ಮೆದು ದವಡೆಗಳು ಬಂದವು. ಕಬ್ಬಿಣಕ್ಕೆ ಅಯಸ್ಕಾಂತದ ಚಕ್ ಬಂತು. ಅಯಸ್ಕಾಂತಕ್ಕೆ ಅಂಟದ ಅಲ್ಯುಮಿನಿಯಂ ತಗಡಿಗೆ, ಗಾಳಿ ಹೀರಿ ಹಿಡಿಯುವ ನಿರ್ವಾತ ಚಕ್ ಬಂತು.

ಹಿಡಿತ ತಪ್ಪಿದರೆ ಕೆಡುವುದು ಜಾಬ್ ಒಂದೇ ಅಲ್ಲ. ವೇಗ ಹೆಚ್ಚಿದಂತೆ ಚಕ್ಕಿನ ದವಡೆಗಳು ಹೊರಕ್ಕೆ ಸೆಳೆದು ಹಿಡಿತ ಸಡಿಲವಾಗುತ್ತದೆ. ಪ್ರತಿ ಚಕ್‌ಗೂ ಗರಿಷ್ಠ ವೇಗವೊಂದನ್ನು ನಿಗದಿ ಮಾಡುವುದು ಅದಕ್ಕಾಗಿಯೇ. ಕೀಯನ್ನು ಚಕ್ಕಿನಲ್ಲೇ ಮರೆತು ಲೇತ್ ಚಾಲೂ ಮಾಡಿದರೆ ಅದು ಗುಂಡಿನಂತೆ ಸಿಡಿಯುತ್ತದೆ. ಚಕ್ಕಿನಲ್ಲಿ ಕೀ ಇರುವಷ್ಟು ಹೊತ್ತೂ ಅದರ ಮೇಲಿಂದ ಕೈ ತೆಗೆಯಬಾರದು ಎಂಬುದು ಲೇತ್ ಕಲಿಯುವ ಹುಡುಗರಿಗೆ ಹೇಳುವ ಮೊದಲ ಪಾಠಗಳಲ್ಲೊಂದು.

ಇನ್ನೂರು ವರ್ಷಗಳಲ್ಲಿ ಹಿಡಿಯುವ ಕೆಲಸ ಕೈಯಿಂದ ಯಂತ್ರಕ್ಕೆ ದಾಟಿದೆ. ಎಷ್ಟು ಹಿಡಿಯಬೇಕು ಎಂಬ ಅಂದಾಜು ಮಾತ್ರ ಇಂದಿಗೂ ಚಕ್ ಬಿಗಿಯುವ ಆ ಮನುಷ್ಯನದೇ. ಮುಗಿದ ಸಾಮಾನಿನ ಮೇಲೆ ಕಂಪೆನಿಯ ಹೆಸರಿರುತ್ತದೆ. ಅವನ ಹೆಸರು ಎಲ್ಲೂ ಇರುವುದಿಲ್ಲ.